ಯಾರ ಹಣೆಬರಹ?

ನಮ್ಮೂರಿನ ಮೆಡಿಕಲ್ ಶಾಪೊಂದರ ಕೌಂಟರಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದಕ್ಕೆ ಅಂಟಿಸಿದ್ದು ಪುಟ್ಟ ಹುಡುಗಿಯ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ‘ದಯವಿಟ್ಟು ಸಹಾಯ ಮಾಡಿ’. ಬಿ.ಪಿ. ಮಾತ್ರೆ ಕೊಂಡವರು ಉಳಿದ ಚಿಲ್ಲರೆ ಹಾಕಿ, ‘ಅಯ್ಯೋ ಪಾಪ, ಯಾರ ಕರ್ಮವೋ’ ಎಂದು ಹೊರಡುತ್ತಾರೆ. ನಾನೂ ಹಾಗೆ ಹೊರಟವಳೇ. ಹುಡುಗಿಯ ತಾಯಿ ನಮ್ಮ ಹಿಂದಿನ ಬೀದಿಯವಳು, ನನ್ನನ್ನು ಬಾಯ್ತುಂಬ ಅಕ್ಕ ಎನ್ನುವವಳು ಎಂದು ತಿಳಿಯುವ ತನಕ.

ಮಗುವಿಗಿರುವುದು ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಚಿಕ್ಕದಾಗಿ ಎಸ್‌ಎಂಎ. ಸ್ನಾಯುಗಳಿಗೆ ಆಜ್ಞೆ ಕೊಡುವ ಬೆನ್ನುಹುರಿಯ ನರಕೋಶಗಳು ಸಾಯುತ್ತ ಹೋಗುತ್ತವೆ. ಬುದ್ಧಿ ಬಲು ಚುರುಕು. ಆದರೆ ಕಾಲು ನಿಲ್ಲದು, ಜೋರಾಗಿ ಕೆಮ್ಮಲೂ ಶಕ್ತಿ ಸಾಲದು. ರೋಗದ ಹೆಸರು ತಿಳಿದ ದಿನ ಅತ್ತೆ ಹೇಳಿದ್ದು, ‘ನಮ್ಮ ವಂಶದಲ್ಲಿ ಇಂಥದ್ದಿರಲಿಲ್ಲ.’ ಇತ್ತು, ಕಾಣಿಸಿರಲಿಲ್ಲ ಅಷ್ಟೆ. ದೋಷವಿರುವ ಜೀನು ಸಾಮಾನ್ಯವಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದು ಸೇರಿದರೇ ಈ ಕಾಯಿಲೆ. ಹೊತ್ತವರಿಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ದೂರು ಮಾತ್ರ ಹೆತ್ತವಳ ತಲೆಗೆ.

ಈಗ ಹಣದ ಮಾತು. ಹಾಲಿನವನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ತಪ್ಪದೆ ಗುರುತು ಹಾಕುವವರು ನಾವು. ಇದನ್ನೂ ಕೂಡಿಸಿ ನೋಡೋಣ. ರಿಸ್ಡಿಪ್ಲಾಮ್ ಎಂಬ ಕುಡಿಯುವ ಔಷಧವಿದೆ. ರೋಗವನ್ನು ಬೇರುಸಹಿತ ಕೀಳದಿದ್ದರೂ ಮುಂದುವರಿಯದಂತೆ ಬಹುಮಟ್ಟಿಗೆ ತಡೆಯುತ್ತದೆ. ಜೀವನವಿಡೀ ಬೇಕು. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯದು ಸೀಸೆಗೆ ಸುಮಾರು 6 ಲಕ್ಷ ರೂಪಾಯಿ. ಅದರಲ್ಲಿರುವುದು 60 ಮಿಲಿಗ್ರಾಂ ಮದ್ದು. 20 ಕಿಲೋ ಮುಟ್ಟಿದ ಮಗುವಿಗೆ ದಿನಕ್ಕೆ 5 ಮಿಲಿಗ್ರಾಂ. ಎಂದರೆ 12 ದಿನಕ್ಕೊಂದು ಸೀಸೆ, ವರ್ಷಕ್ಕೆ 30. ಇನ್ನೂ ಚಿಕ್ಕ ಮಕ್ಕಳಿಗೆ ತೂಕ ನೋಡಿ ಕಡಿಮೆ. ‘ಪಾಪು ಒಂದು ಕಿಲೋ ಜಾಸ್ತಿ ಆಗಿದ್ದಾಳೆ ಅಂತ ಡಾಕ್ಟ್ರು ಖುಷಿಪಟ್ರು ಅಕ್ಕ, ನನಗೆ ಎದೆ ಧಸಕ್ಕೆಂತು’ ಎಂದಳು ಆಕೆ. ಮಗು ಎರಡು ತುತ್ತು ಹೆಚ್ಚು ಉಂಡರೆ ತಾಯಿ ಹೆದರಬೇಕೆ?

ಸರ್ಕಾರ ಏನೂ ಮಾಡಲಿಲ್ಲವೆಂದು ನಾನು ಹೇಳುವುದಿಲ್ಲ. 2021ರಲ್ಲಿ ಅಪರೂಪದ ಕಾಯಿಲೆಗಳಿಗೆಂದೇ ರಾಷ್ಟ್ರೀಯ ನೀತಿ ಬಂತು. ಎಸ್‌ಎಂಎಯಂಥ ದುಬಾರಿ ಚಿಕಿತ್ಸೆಯವರಿಗೆ ಅದು ಮೊದಲು ತೋರಿಸಿದ ದಾರಿ ಯಾವುದು ಗೊತ್ತೆ? ಸಾರ್ವಜನಿಕರಿಂದ ಚಂದಾ ಎತ್ತಲು ಒಂದು ಸರ್ಕಾರಿ ವೆಬ್‌ಸೈಟು! ಮೆಡಿಕಲ್ ಶಾಪಿನ ಡಬ್ಬಿಯನ್ನು ದೆಹಲಿಯಲ್ಲೂ ಒಂದು ಇಟ್ಟಂತಾಯಿತು. 2022ರಲ್ಲಿ ತಿದ್ದುಪಡಿಯಾಗಿ, ಒಬ್ಬರಿಗೆ ಒಟ್ಟು 50 ಲಕ್ಷದವರೆಗೆ ನೆರವು ಎಂದಾಯಿತು. ದೊಡ್ಡ ಮೊತ್ತವೇ, ಅಲ್ಲವೆನ್ನಲಾರೆ. ಆ ಬೆಲೆಗೆ ಎಂಟು ಸೀಸೆ. 20 ಕಿಲೋ ಮಗುವಿಗೆ ಮೂರು ತಿಂಗಳು ದಾಟುತ್ತಿದ್ದಂತೆಯೇ ಖಾಲಿ.

‘ಒಂದು ಮಗುವಿಗೆ ಅಷ್ಟು ಸುರಿಯುವ ಬದಲು ಸಾವಿರ ಮಕ್ಕಳಿಗೆ ಲಸಿಕೆ ಹಾಕಬಹುದಲ್ಲ’ ಎಂದರು ನಮ್ಮ ಮಹಿಳಾ ಸಮಾಜದ ಒಬ್ಬರು. ಓದಿದವರು, ಕೆಟ್ಟವರಲ್ಲ. ಆದರೆ ಅವರು ಆ ಬೆಲೆಯನ್ನು ಬ್ರಹ್ಮಲಿಪಿ ಎಂದು ಒಪ್ಪಿಕೊಂಡೇ ವಾದಕ್ಕೆ ಕೂತಿದ್ದರು. 2025ರಲ್ಲಿ ಏನಾಯಿತು ನೋಡಿ. ಹೈದರಾಬಾದಿನ ನ್ಯಾಟ್ಕೋ ಕಂಪನಿ ಇದೇ ಔಷಧ ಮಾಡಲು ಹೊರಟಿತ್ತು, ರೋಶ್ ಪೇಟೆಂಟ್ ಹಿಡಿದು ಕೋರ್ಟಿಗೆ ಹೋಗಿತ್ತು. ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಅಕ್ಟೋಬರಿನಲ್ಲಿ ಮೇಲ್ಮನವಿಯನ್ನೂ ತಳ್ಳಿತು. ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ನ್ಯಾಟ್ಕೋ ಇಟ್ಟ ಬೆಲೆ ಸೀಸೆಗೆ 15,900 ರೂಪಾಯಿ! ಸಂಶೋಧನೆಗೆ ಖರ್ಚಾಗುತ್ತದೆ, ಒಪ್ಪಿದೆ. ಆದರೆ ಆರು ಲಕ್ಷವೆಲ್ಲಿ, ಹದಿನಾರು ಸಾವಿರವೆಲ್ಲಿ? ಬರೆದವನು ಬ್ರಹ್ಮನೇ ಆಗಿದ್ದರೆ ಹೈಕೋರ್ಟಿನ ಮಾತಿಗೆ ಅಳಿಸುತ್ತಿದ್ದನೆ?

ಇಷ್ಟಾದರೂ ವರ್ಷಕ್ಕೆ 30 ಸೀಸೆ ಎಂದರೆ 4,77,000. ತಿಂಗಳಿಗೆ ಹತ್ತಿರ ಹತ್ತಿರ 40 ಸಾವಿರ. ಈಕೆ ಖಾಸಗಿ ಶಾಲೆಯ ಟೀಚರ್ ಕೆಲಸ ಬಿಟ್ಟು ಮೂರು ವರ್ಷವಾಯಿತು. ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸಬೇಕು, ಎದೆಯ ಕಫ ತೆಗೆಯಬೇಕು, ಫಿಸಿಯೋಥೆರಪಿ ಮಾಡಿಸಬೇಕು, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂರಬೇಕು. ಆ ಮೂರು ವರ್ಷದ ಸಂಬಳವನ್ನು ಬರೆಯಲು ಯಾವ ಅರ್ಜಿಯಲ್ಲಾದರೂ ಒಂದು ಕಾಲಂ ಇದೆಯೆ? ಸರ್ಕಾರ ಅಗ್ಗದ ಮದ್ದನ್ನು ಸಗಟಾಗಿ ಕೊಂಡು ಜಿಲ್ಲಾ ಆಸ್ಪತ್ರೆಗಳಲ್ಲಿ ಕೊಡಲಿ. ಹೊಸ ಬೆಲೆಯಲ್ಲಿ 50 ಲಕ್ಷ ಹತ್ತು ವರ್ಷ ಬಂದೀತು. ಹಳೆಯ ಬೆಲೆಯ ಎಂಟು ಸೀಸೆಗೇ ಅದನ್ನು ಮುಗಿಸಿಕೊಂಡವರು ಯಾರ ಬಾಗಿಲಿಗೆ ಹೋಗಬೇಕು?

ಡಬ್ಬಿಯ ಮೇಲಿನ ಫೋಟೋ ಮಾಸಿದೆ. ಬೇರೆಯದು ಅಂಟಿಸೋಣವೇ ಎಂದು ಮೊನ್ನೆ ಕೇಳಿದೆ. ‘ಡಬ್ಬಿ ತೆಗೆಸಿಬಿಡೋಣ ಅಂತಿದ್ದೀನಿ ಅಕ್ಕ’ ಎಂದಳು. ‘ಆ ಅಂಗಡಿಗೆ ಅವಳನ್ನೂ ಎತ್ಕೊಂಡು ಹೋಗ್ತೀನಲ್ಲ... ಈಗ ಅವಳಿಗೆ ಓದೋಕೆ ಬರುತ್ತೆ.’