ಮೂಕ ರೋಗಿಯೂ ಮನೆಯ ಮದ್ದಿನ ಪೆಟ್ಟಿಗೆಯೂ

ನಮ್ಮ ನೆರೆಯ ಗೃಹಸ್ಥರೊಬ್ಬರು ಒಂದು ಸಂಜೆ ಗಾಬರಿಯಿಂದ ಬಂದು, ತಮ್ಮ ನಾಯಿಗೆ ವಿಪರೀತ ಜ್ವರವೆಂದು ತಿಳಿಸಿದರು. ನಾಯಿ ಬೆಳಗಿನಿಂದ ಮಂಕಾಗಿ ಮಲಗಿತ್ತು. ಮೈ ಮುಟ್ಟಿದರೆ ಬಿಸಿ. ಜ್ವರಮಾಪಕವಿಟ್ಟು ನೋಡಿದರೆ 101.5 ಡಿಗ್ರಿ ಫ್ಯಾರನ್‌ಹೀಟ್. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನುಂಗುವ ಮಾತ್ರೆಯಲ್ಲಿ ಅರ್ಧವನ್ನು ಬೆಲ್ಲದಲ್ಲಿ ಹುದುಗಿಸಿ ಆಗಲೇ ತಿನ್ನಿಸಿಯೂ ಬಿಟ್ಟಿದ್ದರು. ನಾವು ಹೋಗಿ ನೋಡಿದೆವು. ನಾಯಿಗೆ ಜ್ವರವಿರಲಿಲ್ಲ. ಆರೋಗ್ಯದಿಂದಿರುವ ನಾಯಿಯ ದೇಹೋಷ್ಣ 101ರಿಂದ 102.5 ಡಿಗ್ರಿಯವರೆಗೆ ಇರುವುದು ಸಹಜ. ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ಮನುಷ್ಯನ 98.4 ಡಿಗ್ರಿಯನ್ನೇ ಅಳತೆಗೋಲಾಗಿ ಹಿಡಿದ ಆ ಸಜ್ಜನರು ಇಲ್ಲದ ರೋಗಕ್ಕೆ ಮದ್ದು ಮಾಡಿದ್ದರು. ಇದ್ದ ರೋಗವಾದರೋ ಹಿಂದಿನ ದಿನ ಮದುವೆಮನೆಯಿಂದ ಕಟ್ಟಿಸಿಕೊಂಡು ಬಂದು ಪ್ರೀತಿಯಿಂದ ಬಡಿಸಿದ ತುಪ್ಪದ ಹೋಳಿಗೆಯಲ್ಲಿತ್ತು!

ಸಾಕುಪ್ರಾಣಿಗಳನ್ನು ಕಾಡುವ ವ್ಯಾಧಿಗಳ ಪಟ್ಟಿ ಮಾಡಹೊರಡುವವರು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಬೇಕಾದುದು ಈ ತಪ್ಪನ್ನೇ ಎಂದು ನಮ್ಮ ಅಭಿಪ್ರಾಯ. ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಮನೆಯ ಮಗುವಿನಂತೆ ಕಾಣುವುದು ಒಳ್ಳೆಯ ನಡತೆ. ಅದನ್ನು ಹಳಿಯುವವರು ನಾವಲ್ಲ. ಆದರೆ ಅದರ ದೇಹ ಮಗುವಿನ ದೇಹವಲ್ಲ. ಅದರ ಯಕೃತ್ತು ಬೇರೆ, ಚರ್ಮ ಬೇರೆ, ನೋವನ್ನು ತೋರ್ಪಡಿಸುವ ರೀತಿ ಬೇರೆ. ಈ ಬೇರೆತನವನ್ನು ಅರಿಯದೆ ಮಾಡಿದ ಉಪಚಾರವು ಅನೇಕ ವೇಳೆ ರೋಗಕ್ಕಿಂತ ಹೆಚ್ಚು ಅಪಾಯಕರವಾಗುತ್ತದೆ.

ಇದನ್ನು ಇಷ್ಟು ನಿಷ್ಠುರವಾಗಿ ಹೇಳಲು ನಮಗೆ ಕಾರಣವುಂಟು. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಬೆಕ್ಕು ಎಲ್ಲಿಯೋ ಕಾದಾಡಿ ಕಾಲು ಕುಂಟುತ್ತ ಬಂದಿತು. ನೋವು ಶಮನವಾಗಲೆಂದು ಪ್ಯಾರಾಸಿಟಮಾಲ್ ಮಾತ್ರೆಯ ಕಾಲುಭಾಗವನ್ನು ಹಾಲಿನಲ್ಲಿ ತೇಯ್ದು ಕುಡಿಸಿದೆವು. ರಾತ್ರಿಯಾಗುವಷ್ಟರಲ್ಲಿ ಅದರ ಮುಖವೂ ಪಾದಗಳೂ ಊದಿಕೊಂಡವು. ಒಸಡು ಕೆಸರಿನ ಬಣ್ಣಕ್ಕೆ ತಿರುಗಿತು. ಉಸಿರಿಗಾಗಿ ಬಾಯಿ ತೆರೆದುಕೊಂಡು ಒದ್ದಾಡಿತು. ಮರುದಿನ ಮಧ್ಯಾಹ್ನ ಅದು ಸತ್ತಿತು. ಕಾಲಿನ ಗಾಯ ತಾನಾಗಿಯೇ ಮಾಯುವಂಥದು. ಬೆಕ್ಕನ್ನು ಕೊಂದುದು ನಮ್ಮ ಮಾತ್ರೆ.

ಇದು ಹೇಗೆ ಸಾಧ್ಯ? ಪ್ಯಾರಾಸಿಟಮಾಲನ್ನು ನಾವು ನುಂಗಿದಾಗ ನಮ್ಮ ಯಕೃತ್ತು ಅದರ ಬಹುಭಾಗಕ್ಕೆ ಸಕ್ಕರೆಯ ಸಂಬಂಧಿಯಾದ ಗ್ಲೂಕ್ಯುರಾನಿಕ್ ಆಮ್ಲವನ್ನೋ ಗಂಧಕದ ಸಂಯುಕ್ತವನ್ನೋ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಮೂಲಕ ಹೊರಗೆ ಕಳುಹಿಸುತ್ತದೆ. ಮೊದಲನೆಯ ಕೆಲಸಕ್ಕೆ ಬೇಕಾದ ಕಿಣ್ವವನ್ನು ತಯಾರಿಸುವ ಜೀನು ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಮಾಂಸವನ್ನೇ ತಿಂದು ಬದುಕಿದ ಅದರ ಪೂರ್ವಜರಿಗೆ ಸಸ್ಯಗಳಲ್ಲಿರುವ ವಿಷಗಳನ್ನು ಅರಗಿಸುವ ಅಗತ್ಯವೇ ಬೀಳದೆ, ಆ ಜೀನು ಪೀಳಿಗೆಯಿಂದ ಪೀಳಿಗೆಗೆ ಶಿಥಿಲವಾಯಿತೆಂದು ವಿಜ್ಞಾನಿಗಳು ಊಹಿಸುತ್ತಾರೆ. ನೇರ ದಾರಿ ಮುಚ್ಚಿರುವುದರಿಂದ ಔಷಧವು ಅಡ್ಡದಾರಿ ಹಿಡಿದು, ರಕ್ತದ ಕೆಂಪುಕಣಗಳನ್ನು ಹಾಳುಮಾಡುವ ವಿಷವಾಗಿ ಮಾರ್ಪಡುತ್ತದೆ. ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದ ರೂಪವನ್ನು ತಾಳುತ್ತದೆ. ಗಾಳಿಯ ನಡುವೆ ಇದ್ದೇ ಪ್ರಾಣಿ ಉಸಿರುಕಟ್ಟಿ ಸಾಯುತ್ತದೆ. ಕೂಡಲೇ ಪಶುವೈದ್ಯರ ಬಳಿಗೆ ಒಯ್ದರೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷದಿಂದ ಉಳಿಸುವ ಸಾಧ್ಯತೆಯಿದೆ. ನಮಗೆ ಆಗ ಅದು ಗೊತ್ತಿರಲಿಲ್ಲ.

ನಾಯಿಯ ಯಕೃತ್ತು ಈ ವಿಷಯದಲ್ಲಿ ಬೆಕ್ಕಿನಷ್ಟು ಬಡವಾದುದಲ್ಲ. ಆದರೆ ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಅಷ್ಟೇಕೆ, ನಾಯಿಗೆಂದೇ ತಯಾರಾದ ಮದ್ದೂ ಬೆಕ್ಕಿಗೆ ಹಗೆಯಾಗಬಹುದು. ಉಣುಗು ಚಿಗಟಗಳನ್ನು ಕೊಲ್ಲಲು ನಾಯಿಯ ಬೆನ್ನಿಗೆ ಹಚ್ಚುವ ಕೆಲವು ದ್ರಾವಣಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದನ್ನು ಬೆಕ್ಕಿಗೆ ಹಚ್ಚಿದರೆ ಮೈನಡುಕ ಹುಟ್ಟಿ, ಸೆಳವು ಬಂದು, ಪ್ರಾಣಕ್ಕೇ ಕುತ್ತಾಗುತ್ತದೆ.

ಆಹಾರದ ವಿಷಯದಲ್ಲಿಯೂ ನಮ್ಮ ನಡವಳಿಕೆ ಹೀಗೆಯೇ ಇದೆ. ಉಳಿದ ಹುಳಿಯನ್ನವನ್ನು ನಾಯಿಯ ತಟ್ಟೆಗೆ ಸುರಿಯುವವರು ಅದರಲ್ಲಿರುವ ಈರುಳ್ಳಿಯು ನಾಯಿ ಬೆಕ್ಕುಗಳ ಕೆಂಪುಕಣಗಳನ್ನು ಒಡೆಯಬಲ್ಲದೆಂಬುದನ್ನು ಅರಿಯರು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿಗಳೂ ನಾಯಿಗೆ ಸಲ್ಲವು. ಇನ್ನು, ಸಸ್ಯಾಹಾರಿಗಳ ಮನೆಯಲ್ಲಿ ಬೆಕ್ಕಿಗೆ ಹಾಲನ್ನವನ್ನೇ ಹಾಕಿ ಸಾಕುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಬೆಕ್ಕು ಹೊರಗೆ ತಿರುಗಿ ಇಲಿ, ಓತಿ, ಹಕ್ಕಿಗಳನ್ನು ಹಿಡಿದು ತಿನ್ನುತ್ತಿದ್ದಷ್ಟು ಕಾಲ ಇದರಿಂದ ಕೇಡೇನೂ ಆಗಲಿಲ್ಲ; ಕೊರತೆಯನ್ನು ಇಲಿಗಳು ತುಂಬುತ್ತಿದ್ದುವು. ಆದರೆ ಈಗಿನ ಬೆಕ್ಕು ನಗರದ ನಾಲ್ಕನೆಯ ಅಂತಸ್ತಿನಲ್ಲಿ, ಬಾಗಿಲು ಮುಚ್ಚಿದ ಮನೆಯಲ್ಲಿ ವಾಸಿಸುತ್ತದೆ. ಟಾರೀನ್ ಎಂಬ ವಸ್ತುವನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿಗಿಲ್ಲ. ಅದು ಮಾಂಸದಿಂದಲೇ ದೊರೆಯಬೇಕು. ಅದು ಸಾಲದಾದರೆ ಕಣ್ಣಿನ ಅಕ್ಷಿಪಟ ಕೆಡುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಳ್ಳುವುದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಮನೆಯವರ ಆಚಾರವನ್ನು ನಾವು ಗೌರವಿಸುತ್ತೇವೆ. ಆದರೆ ಮನೆಯೊಳಗೆ ಮಾಂಸವನ್ನು ತರಲೊಲ್ಲದವರು, ಟಾರೀನ್ ಸೇರಿಸಿದ ಸಿದ್ಧ ಆಹಾರವನ್ನೂ ಒಲ್ಲದವರು, ಬೆಕ್ಕನ್ನು ಬಿಟ್ಟು ಮೊಲವನ್ನು ಸಾಕುವುದು ಮೇಲು.

ನಮ್ಮ ನಾಡಿನಲ್ಲಿ ನಾಯಿಗಳನ್ನು ಅತಿಯಾಗಿ ಪೀಡಿಸುವ ವ್ಯಾಧಿಗಳಲ್ಲಿ ಉಣುಗಿನ ಜ್ವರವು ಮುಖ್ಯವಾದುದು. ಕಂದು ಉಣುಗು ಉಷ್ಣ ದೇಶಗಳಲ್ಲಿ ವರ್ಷವಿಡೀ ಬಾಳುವ ಜೀವಿ. ಅದು ನಾಯಿಯ ಕಿವಿಯ ಮೂಲೆಯಲ್ಲೂ ಬೆರಳ ಸಂದಿನಲ್ಲೂ ಕಚ್ಚಿಕೊಂಡಿರುವಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ತನ್ನ ಆಯುಸ್ಸಿನ ಹೆಚ್ಚು ಭಾಗವನ್ನು ಅದು ಕಳೆಯುವುದು ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ, ನಾಯಿ ಮಲಗುವ ಗೋಣಿಯ ಮಡಿಕೆಯಲ್ಲಿ. ಹೊಟ್ಟೆತುಂಬ ರಕ್ತ ಕುಡಿದ ಹೆಣ್ಣು ಅಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹೀಗಿರುವಲ್ಲಿ ನಾಯಿಯ ಮೈಮೇಲಿನ ಹತ್ತು ಉಣುಗುಗಳನ್ನು ಕಿತ್ತು ಸೀಮೆಎಣ್ಣೆಯಲ್ಲಿ ಹಾಕಿ ಸಮಾಧಾನಪಟ್ಟುಕೊಳ್ಳುವುದು, ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರೆಸಿದಂತೆ. ಅದೇ ಸೀಮೆಎಣ್ಣೆಯನ್ನೋ, ಹೊಲಕ್ಕೆಂದು ತಂದ ಕೀಟನಾಶಕವನ್ನೋ ನಾಯಿಯ ಮೈಗೇ ಬಳಿಯುವವರೂ ಇದ್ದಾರೆ. ಚರ್ಮ ಸುಟ್ಟ, ನೆಕ್ಕಿಕೊಂಡು ವಿಷವೇರಿದ ನಾಯಿಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ.

ಈ ಉಣುಗು ತನ್ನ ಕಡಿತದೊಂದಿಗೆ ಎರ್ಲಿಕಿಯ ಎಂಬ ಸೂಕ್ಷ್ಮಜೀವಿಯನ್ನು ರಕ್ತಕ್ಕೆ ಸೇರಿಸುತ್ತದೆ. ಆಲ್ಜೀರಿಯದಲ್ಲಿ 1935ರಲ್ಲಿ ಮೊದಲು ಗುರುತಿಸಲಾದ ಈ ಜೀವಿ ಬಿಳಿಕಣಗಳ ಒಳಗೆ ಅಡಗಿ ಬೆಳೆಯುವಂಥದು. ಬೆಬೀಸಿಯ ಎಂಬ ಇನ್ನೊಂದು ಪರೋಪಜೀವಿ ಕೆಂಪುಕಣಗಳನ್ನು ಹೊಕ್ಕು ಒಡೆಯುತ್ತದೆ. ಅದರ ಒಂದು ಬಗೆಯನ್ನು ಮೊದಲು ಕಂಡು ವರ್ಣಿಸಿದುದು ನಮ್ಮ ನೆರೆಯ ಮದರಾಸಿನಲ್ಲೇ, ಬೇಟೆನಾಯಿಗಳ ರಕ್ತದಲ್ಲಿ, 1910ರಲ್ಲಿ. ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳು ಕಾಣಬಹುದು, ಕೆಲವಕ್ಕೆ ಮೂಗಿನಿಂದ ರಕ್ತ ಸೋರುವುದೂ ಉಂಟು. ಇವೆರಡು ರೋಗಗಳ ಮದ್ದು ಒಂದೇ ಅಲ್ಲ. ಆದಕಾರಣ ರಕ್ತವನ್ನು ಪರೀಕ್ಷಿಸದೆ, ಎದುರುಮನೆಯ ನಾಯಿಗೆ ಬರೆದುಕೊಟ್ಟ ಚೀಟಿಯಿಂದ ಔಷಧಿ ತರುವುದು ಕತ್ತಲಲ್ಲಿ ಕಲ್ಲೆಸೆದಂತೆಯೇ ಸರಿ.

ಇಲ್ಲಿ ಮನೆಯವರು ಮಾಡುವ ಇನ್ನೊಂದು ಪ್ರಮಾದವನ್ನು ಹೇಳದಿರಲಾರೆವು. ಎರ್ಲಿಕಿಯಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯ ಮದ್ದು. ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕೆಂದು ವೈದ್ಯರು ವಿಧಿಸುತ್ತಾರೆ. ಎರಡು ಮೂರು ದಿನಗಳಲ್ಲೇ ನಾಯಿ ಎದ್ದು ಬಾಲವಾಡಿಸುತ್ತ ತಟ್ಟೆ ನೆಕ್ಕುತ್ತದೆ. “ಗುಣವಾಯಿತಲ್ಲ, ಇನ್ನೇಕೆ ಗುಳಿಗೆ?” ಎಂದು ವಾರದೊಳಗೆ ನಿಲ್ಲಿಸಿಬಿಡುತ್ತಾರೆ. ರೋಗಾಣುವಾದರೋ ಗುಲ್ಮದಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಸುಳಿವು ಕೊಡದೆ ಉಳಿದುಕೊಳ್ಳಬಲ್ಲದು. ಮತ್ತೆ ತಲೆಯೆತ್ತಿದಾಗ ರಕ್ತವನ್ನು ಹುಟ್ಟಿಸುವ ಮೂಳೆಯ ಮಜ್ಜೆಯೇ ಬತ್ತಿರುವುದುಂಟು. ಆಗ ವೈದ್ಯರ ಕೈಯಲ್ಲಿಯೂ ಹೆಚ್ಚೇನೂ ಉಳಿದಿರುವುದಿಲ್ಲ.

ಮರಿಗಳನ್ನು ಕೊಲ್ಲುವ ಪಾರ್ವೊ ರೋಗದಲ್ಲಿಯೂ ಅರ್ಧ ತಿಳಿವಳಿಕೆಯೇ ಶತ್ರು. ಈ ವೈರಸ್ಸು 1978ರಲ್ಲಿ ಕಾಣಿಸಿಕೊಂಡು, ಒಂದೆರಡು ವರ್ಷಗಳಲ್ಲಿ ಭೂಮಂಡಲವನ್ನೇ ಸುತ್ತಿತು. ವಾಂತಿ, ರಕ್ತ ಬೆರೆತ ದುರ್ನಾತದ ಭೇದಿ, ನೀರು ಬತ್ತಿದ ದೇಹ. ಚಿಕಿತ್ಸೆ ತಡವಾದರೆ ಎರಡು ಮೂರು ದಿನಗಳಲ್ಲಿ ಮರಣ. ಲಸಿಕೆಯಿದೆ; ಮನೆಯವರು ಹಾಕಿಸುತ್ತಾರೆ; ಆದರೂ ಮರಿ ಸಾಯುತ್ತದೆ; ಲಸಿಕೆಯೇ ಸುಳ್ಳೆಂಬ ಮಾತು ಬೀದಿಯಲ್ಲಿ ಹಬ್ಬುತ್ತದೆ. ನಿಜಾಂಶವೇನೆಂದರೆ, ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಕ ವಸ್ತುಗಳು ಕೆಲವು ವಾರ ಅದರ ರಕ್ತದಲ್ಲಿದ್ದು, ರೋಗಾಣುವನ್ನು ತಡೆಯುವಂತೆ ಲಸಿಕೆಯನ್ನೂ ತಡೆಯುತ್ತವೆ. ಅವು ಯಾವ ಮರಿಯಲ್ಲಿ ಯಾವ ವಾರ ಕರಗುವುವೆಂದು ಹೊರಗಿನಿಂದ ತಿಳಿಯದು. ಆದ್ದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರನೆಯ ವಾರದವರೆಗೂ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಬೇಕು. ಒಂದೇ ಚುಚ್ಚುಮದ್ದಿಗೆ ತೃಪ್ತರಾಗಿ, ಮರಿಯನ್ನು ನೆಂಟರಿಷ್ಟರಿಗೆ ತೋರಿಸಲು ಬೀದಿಬೀದಿ ಹೊತ್ತು ತಿರುಗುವುದು ಮರಿಯನ್ನು ಜೂಜಿಗೊಡ್ಡಿದಂತೆ. ಒಂದು ಮರಿ ಸತ್ತ ಮನೆಗೆ ಕೂಡಲೇ ಇನ್ನೊಂದನ್ನು ತರುವುದಂತೂ ಸಲ್ಲದು. ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾವೆಲ್ಲ ನಂಬುವ ಫಿನಾಯಿಲು ಇದನ್ನು ಕೊಲ್ಲಲಾರದು. ಕ್ಲೋರಿನ್ ಇರುವ ಬ್ಲೀಚಿನ ದ್ರಾವಣವೇ ಬೇಕು.

“ಬೀದಿನಾಯಿಗಳಿಗೆ ಯಾರು ಲಸಿಕೆ ಹಾಕಿಸುತ್ತಾರೆ, ಯಾರು ಗುಳಿಗೆ ನುಂಗಿಸುತ್ತಾರೆ? ಗರಿಕೆ ತಿಂದು ಗುಣಮಾಡಿಕೊಂಡು ಗಟ್ಟಿಮುಟ್ಟಾಗಿಲ್ಲವೆ?” ಎಂದು ಕೇಳುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನಮ್ಮ ಉತ್ತರವಿಷ್ಟೆ: ಬೀದಿಯಲ್ಲಿ ನಾವು ನೋಡುವುದು ಉಳಿದವುಗಳನ್ನು, ಸತ್ತವುಗಳು ಕಾಣವು. ಪಶ್ಚಿಮ ಬಂಗಾಳದ ಸಂಶೋಧಕರು ಬೀದಿನಾಯಿಗಳ 364 ಮರಿಗಳ ಮೇಲೆ ಕಣ್ಣಿಟ್ಟು, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏಳು ತಿಂಗಳ ಪ್ರಾಯವನ್ನು ಮುಟ್ಟಿದವು ನೂರಕ್ಕೆ 19 ಮಾತ್ರ. ಸತ್ತವುಗಳೆಲ್ಲ ರೋಗದಿಂದ ಸತ್ತವೆಂದು ನಾವು ವಾದಿಸುವುದಿಲ್ಲ. ಹೆಚ್ಚಿನ ಸಾವುಗಳಿಗೆ ಮನುಷ್ಯನೇ ಕಾರಣನೆಂದು ಆ ಅಧ್ಯಯನವೇ ಹೇಳುತ್ತದೆ. ಆದರೆ ಐದರಲ್ಲಿ ನಾಲ್ಕನ್ನು ನುಂಗುವ ಬಾಳನ್ನು ಆರೋಗ್ಯದ ಮಾದರಿಯೆಂದು ಎತ್ತಿ ತೋರಿಸುವುದು ಎಷ್ಟು ಸರಿ?

ಉಳಿದ ಕೆಲವು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆವು. ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ. ಅದು ನಾಲಗೆ ಚಾಚಿ ಏದುಸಿರು ಬಿಡುತ್ತಲೇ ತನ್ನ ದೇಹವನ್ನು ತಣಿಸಿಕೊಳ್ಳಬೇಕು. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಿಂದ ನಮ್ಮ ಜನಕ್ಕೆ ಪರಿಚಯವಾಗಿ ಮನೆಮನೆಯನ್ನು ಸೇರಿದ ಪಗ್ ನಾಯಿಗೆ ಮೊಂಡು ಮೂಗಿನಿಂದಾಗಿ ಉಸಿರಾಟವೇ ಕಷ್ಟ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದನ್ನು ಕಾರಿನೊಳಗೆ ಬಿಟ್ಟು ತರಕಾರಿ ಕೊಳ್ಳಲು ಹೋಗುವವರು ಹಿಂದಿರುಗುವಾಗ ಏನನ್ನು ಕಾಣುವರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮುಧೋಳದ ನಾಯಿಯ ಕಥೆ ಇದಕ್ಕೆ ವಿರುದ್ಧವಾದುದು. ಅದರ ಪಕ್ಕೆಲುಬು ತುಸು ಕಾಣುವುದೇ ಲಕ್ಷಣ. ‘ಪಾಪ, ಬಡವಾಗಿದೆ’ ಎಂದು ತಿನ್ನಿಸಿ ತಿನ್ನಿಸಿ, ಓಡಲೆಂದು ಹುಟ್ಟಿದ ಪ್ರಾಣಿಯನ್ನು ಪೀಪಾಯಿ ಮಾಡುವವರನ್ನು ನಾವು ಕಂಡಿದ್ದೇವೆ. ಗಂಡು ಬೆಕ್ಕು ಮತ್ತೆ ಮತ್ತೆ ಮೂಲೆಗೆ ಹೋಗಿ ಮುಕ್ಕುತ್ತಿದ್ದರೆ ಮಲಬದ್ಧತೆಯೆಂದು ಎಣ್ಣೆ ಕುಡಿಸಬಾರದು. ಮೂತ್ರನಾಳ ಕಟ್ಟಿರಬಹುದು, ಹಾಗಿದ್ದರೆ ಅದಕ್ಕೆ ಒಂದೆರಡು ದಿನಗಳ ಆಯುಸ್ಸಷ್ಟೇ. ಆ ರಾತ್ರಿಯೇ ವೈದ್ಯರನ್ನು ಹುಡುಕಬೇಕು.

ರೇಬೀಸಿನ ವಿಷಯದಲ್ಲಿ ಒಂದು ಮಾತು. ಮರಿಗೆ ಮೂರು ತಿಂಗಳಾದಾಗ ಲಸಿಕೆ, ವರ್ಷದ ಮೇಲೆ ಮತ್ತೊಂದು, ಅನಂತರ ವೈದ್ಯರು ಹೇಳಿದಂತೆ. ಲಸಿಕೆಯ ವಯಸ್ಸಾಗದ ಮರಿಯ ಹಲ್ಲು ತಾಗಿದಾಗ ‘ಮನೆಯ ಮರಿ ತಾನೆ’ ಎಂದು ಸುಮ್ಮನಾದವರು ಪ್ರಾಣ ಕಳೆದುಕೊಂಡದ್ದುಂಟು. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆಸ್ಪತ್ರೆಗೆ ಹೋಗತಕ್ಕದ್ದು. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಹಾಗಾದರೆ ಮನೆಯವರು ಮಾಡಬಹುದಾದುದು ಏನೂ ಇಲ್ಲವೆ ಎಂದು ವಾಚಕರು ಕೇಳಬಹುದು. ಧಾರಾಳವಾಗಿದೆ, ಆದರೆ ಅದು ಮದ್ದಿನ ಪೆಟ್ಟಿಗೆಯಲ್ಲಿಲ್ಲ. ತಾಲ್ಲೂಕಿನ ಪಶುಚಿಕಿತ್ಸಾಲಯಗಳು ಹೆಚ್ಚಾಗಿ ದನಕರುಗಳಿಗೆಂದು ಏರ್ಪಟ್ಟವು. ಅಲ್ಲಿನ ವೈದ್ಯರಿಗೆ ನಿಮ್ಮ ನಾಯಿಯನ್ನು ನೋಡಲು ಸಿಗುವುದು ಹತ್ತು ನಿಮಿಷ. ರೋಗಿ ಮಾತನಾಡದು. ಅದರ ಪರವಾಗಿ ಮಾತನಾಡಬೇಕಾದವರು “ಎರಡು ದಿನದಿಂದ ಸಪ್ಪಗಿದೆ ಸ್ವಾಮಿ” ಎಂದಷ್ಟೇ ಹೇಳಿದರೆ ವೈದ್ಯರು ಏನನ್ನು ತಿಳಿಯಬೇಕು? ನಾವು ಆ ಬೆಕ್ಕು ಸತ್ತಂದಿನಿಂದ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಪ್ರಾಣಿಯನ್ನೆತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಮ್ಮ ತೂಕವನ್ನು ಕಳೆದು ಅದರ ತೂಕವನ್ನು ಬರೆಯುತ್ತೇವೆ. ಒಸಡಿನ ಬಣ್ಣ, ಹಾಕಿಸಿದ ಲಸಿಕೆ, ಊಟ ಬಿಟ್ಟ ದಿನ, ವಾಂತಿಯಲ್ಲಿ ಕಂಡದ್ದು, ಕೊಟ್ಟ ಗುಳಿಗೆ, ಎಲ್ಲಕ್ಕೂ ತಾರೀಖು ಹಾಕುತ್ತೇವೆ. ಅದು ಗಾಢ ನಿದ್ರೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸುತ್ತೇವೆ. ನಾಯಿಗಾಗಲಿ ಬೆಕ್ಕಿಗಾಗಲಿ ಅದು ಮೂವತ್ತರೊಳಗಿರಬೇಕು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೃದಯವನ್ನೋ ಶ್ವಾಸಕೋಶವನ್ನೋ ಪರೀಕ್ಷಿಸಬೇಕಾದೀತು. ಈಗಿರುವ ಮುದಿ ನಾಯಿಯ ಎಣಿಕೆ ಕಳೆದ ಭಾನುವಾರ ಇಪ್ಪತ್ತೆರಡಿತ್ತು. ಈ ಭಾನುವಾರ ಇಪ್ಪತ್ತೊಂಬತ್ತು. ನಾಳೆ ಬೆಳಗ್ಗೆ ಪುಸ್ತಕದೊಡನೆ ಅದನ್ನು ಕರೆದುಕೊಂಡು ಹೋಗುತ್ತೇವೆ.