ಮೊದಲ ಹಪ್ಪಳ ನಿಮ್ಮ ಕೈಯದೇ ಆಗಲಿ



ಮನೆಯಲ್ಲೇ ಏನಾದರೂ ಸಣ್ಣ ಉದ್ಯೋಗ ಶುರು ಮಾಡಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ಮೊದಲ ದಿನವೇ, "ಕೆಲಸಕ್ಕೆ ಇಬ್ಬರನ್ನು ಇಟ್ಕೊಂಡು ನಾವು ನಿಂತು ನೋಡ್ಕೊಂಡರೆ ಸಾಕು" ಅನ್ನೋ ಲೆಕ್ಕಾಚಾರ! ಹಾಗೆ ಯೋಚಿಸುವವರು ಲಿಜ್ಜತ್ ಹಪ್ಪಳದ ಕಥೆಯನ್ನು ಒಮ್ಮೆ ಕೇಳಬೇಕು.

1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅಂದು ಆದದ್ದು ನಾಲ್ಕೇ ಕಟ್ಟು. ಯಜಮಾನಿ ಬೇರೆ, ಕೆಲಸದವಳು ಬೇರೆ ಅನ್ನೋದು ಅಲ್ಲಿರಲಿಲ್ಲ. ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತೇ ಹೋಯಿತು. ಮರುವರ್ಷ ಅದಕ್ಕೊಂದು ಉಪಾಯ ಮಾಡಿದರು: ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಒಲೆ! ಹಿಟ್ಟು ಕಲಸಿದವರಿಗಲ್ಲದೆ ಇನ್ಯಾರಿಗೆ ಇದು ಹೊಳೀಬೇಕು, ಹೇಳಿ?

ಶುರುವಿನಲ್ಲಿ ಒಳ್ಳೆಯದೊಂದು, ಅಗ್ಗದ್ದೊಂದು ಅಂತ ಎರಡು ಬಗೆ ಮಾಡ್ತಿದ್ದರು. ಸಾಲ ಕೊಟ್ಟಿದ್ದ ಹಿರಿಯರಾದ ಛಗನ್‌ಲಾಲ್ ಪಾರೇಖರು, ಒಂದೇ ಬಗೆ ಮಾಡಿ, ಗುಣದಲ್ಲಿ ಎಂದೂ ರಾಜಿ ಬೇಡ ಎಂದು ಬುದ್ಧಿ ಹೇಳಿದರು. ಆ ಮಾತನ್ನು ಇವರು ನಡೆಸಿಕೊಂಡು ಬಂದರು.

ಹಾಗಂತ ಎಲ್ಲವನ್ನೂ ಕೊನೇವರೆಗೆ ತಾವೇ ಹಿಡಿದುಕೊಂಡು ಕೂತಿದ್ದರೆ ನಾಲ್ಕು ಕಟ್ಟು ನಾಲ್ಕಾಗಿಯೇ ಉಳೀತಿತ್ತು. ಹಿಟ್ಟನ್ನು ಕೇಂದ್ರದಲ್ಲೇ ಒಂದೇ ಅಳತೆಯಲ್ಲಿ ಕಲಸಿ ಕೊಡೋದು, ಸದಸ್ಯೆಯರು ಮನೆಗೊಯ್ದು ಲಟ್ಟಿಸಿ ತರೋದು, ತಂದದ್ದನ್ನು ಪರೀಕ್ಷಿಸಿ ತೆಗೆದುಕೊಳ್ಳೋದು, ಇದು ಅವರ ಪದ್ಧತಿ. ನೋಡಿದಿರಾ, ಲಟ್ಟಿಸುವುದನ್ನು ಬಿಟ್ಟುಕೊಟ್ಟರು, ಅಳತೆಯನ್ನು ಬಿಡಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನೋದು ಕೈಯಾರೆ ಮಾಡಿದವರಿಗೇ ಗೊತ್ತು. ಏಳು ಮಂದಿಯಿಂದ ಹೊರಟ ಆ ಸಂಸ್ಥೆಯಲ್ಲಿ ಈಗ ಸುಮಾರು 45 ಸಾವಿರ ಮಹಿಳೆಯರಿದ್ದಾರೆ. ಆ ಏಳರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ಪ್ರಕಟವಾಯಿತು.

ಆದ್ದರಿಂದ ಚಟ್ನಿಪುಡಿಯೋ, ಉಪ್ಪಿನಕಾಯಿಯೋ, ರವಿಕೆ ಹೊಲಿಗೆಯೋ, ಏನೇ ಇರಲಿ, ಮೊದಲ ಕೆಲವು ತಿಂಗಳು ನೀವೇ ಮಾಡಿ. ತೂಗೋದು, ಅಂಗಡಿಗೆ ಒಯ್ಯೋದು, ದಿನದ ಲೆಕ್ಕ ಬರೆಯೋದು ಎಲ್ಲಾ ನಿಮ್ಮದೇ ಆಗಲಿ. "ಈ ಸಲ ಖಾರ ಜಾಸ್ತಿ ಆಯ್ತಮ್ಮ" ಅನ್ನೋ ದೂರು ನೇರವಾಗಿ ನಿಮ್ಮ ಕಿವಿಗೇ ಬೀಳಲಿ. ಕೈ ಪಳಗಿದ ಮೇಲೆ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟು ಇನ್ನೊಬ್ಬರಿಗೆ ಕಲಿಸಿ. ಆಮೇಲೂ ವಾರಕ್ಕೊಂದು ದಿನ ಅವರ ಜೊತೆ ಕೂತು ಮಾಡಿ.

ಈಗಿನ ಮಕ್ಕಳು ಇದನ್ನೇ ಸ್ಟಾರ್ಟಪ್ ಅಂತಾರೆ. ಹೆಸರು ಏನಾದರೂ ಇರಲಿ, ಕೈ ಕೆಸರಾದರೇ ಬಾಯಿ ಮೊಸರು, ಅಲ್ವೇ?