ಹೊಲದ ಬದುವಿನಲ್ಲಿ ಸಿಕ್ಕ ಪಿಎಚ್.ಡಿ. ವಿಷಯ

ಕಳೆದ ತಿಂಗಳು ಅಣ್ಣಿಗೇರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ಮನೆಗೆ ಬಂದಿದ್ದಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿದಿದೆ. ‘ಕೃತಕ ಬುದ್ಧಿಮತ್ತೆ ಮತ್ತು ಸಮಾಜ’ ಕುರಿತು ಸಂಶೋಧನೆ ಮಾಡುವ ಆಸೆ, ಆದರೆ ಅರ್ಜಿ ಹಾಕಲು ಅಂಜಿಕೆ.

“ಸರ್, ಅದು ಕಂಪ್ಯೂಟರ್ ಕಲಿತವರದಲ್ರಿ? ನನಗ ಪ್ರೋಗ್ರಾಮ್ ಬರಿಲಿಕ್ಕೆ ಬರೂದಿಲ್ಲ” ಎಂದಳು. ತಂದೆಯ ಚಿಂತೆಯೇ ಬೇರೆ: “ಇನ್ನೂ ಐದಾರು ವರ್ಷ ಓದೂದಂದ್ರ ಖರ್ಚು ಹೆಂಗ್ರಿ ಮಾಸ್ತರ? ಮದುವಿ ಯಾವಾಗ ಮಾಡೂದು?”

ಆಕೆ ತಂದಿದ್ದ ಸಂಶೋಧನಾ ಪ್ರಸ್ತಾವನೆಯನ್ನು ಓದಿದೆ. ‘ಜಾಗತಿಕ ಸಮಾಜದ ಮೇಲೆ ಕೃತಕ ಬುದ್ಧಿಮತ್ತೆಯ ಪರಿಣಾಮಗಳು’ ಎಂದು ತಲೆಬರಹ. ಕೆಳಗೆ ಎರಡು ಪುಟ ನುಣುಪಾದ ಮಾತು. ಯಾರು ಬರೆದದ್ದು ಎಂದು ಕೇಳಿದೆ. ತಲೆ ತಗ್ಗಿಸಿ, ಮೊಬೈಲಿನ ಯಂತ್ರವೇ ಬರೆದುಕೊಟ್ಟಿತು ಎಂದಳು. ಇಂಥ ಪ್ರಸ್ತಾವನೆಗಳು ಪ್ರಾಧ್ಯಾಪಕರ ಮೇಜಿನ ಮೇಲೆ ಒಂದರಂತೆ ಇನ್ನೊಂದು ಬಿದ್ದಿರುತ್ತವೆ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಕಾಗದ ಬದಿಗಿಟ್ಟು ತಂದೆಯನ್ನು ಹೆಸರಿನ ಬೆಳೆಯ ಬಗ್ಗೆ ಮಾತನಾಡಿಸಿದೆ. ನಮ್ಮ ರಾಜ್ಯದಲ್ಲಿ 2020ರಿಂದ ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಮೊಬೈಲ್ ಆ್ಯಪ್‌ಗೆ ಹಾಕುವ ವ್ಯವಸ್ಥೆ ಬಂದಿದೆ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ, 2023ರಿಂದ ಮೊದಲಿಗೆ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿಗೆ ಉಪಗ್ರಹ ಮುಂತಾದ ತಂತ್ರಜ್ಞಾನದ ಲೆಕ್ಕವನ್ನೂ ಸೇರಿಸಿದರು. ಇದನ್ನು ವಿವರಿಸಿದಾಗ ಆ ರೈತ ಕೇಳಿದರು: “ನಾಳೆ ನಮ್ಮ ಹೆಸರಿಗೂ ಬಂತು ಅನ್ನ್ರಿ. ಮ್ಯಾಲಿಂದ ನೋಡಿ ಬೆಳಿ ಚಲೋ ಐತಿ ಅಂತ ಮಷೀನ್ ಹೇಳಿದ್ರ, ಹೊಲದಾಗ ಕಾಯಿ ಕೊಳತಿದ್ರ, ನಾ ಯಾರನ್ನ ಕೇಳ್ಲಿ?”

ಮಗಳ ಕಡೆ ತಿರುಗಿ, “ಇದನ್ನ ಬರಕೋ” ಎಂದೆ.

ವಿಜ್ಞಾನದ ಮಾಸ್ತರನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಸೆಂಟಿನೆಲ್-2 ಎಂಬ ಉಪಗ್ರಹದ ಚಿತ್ರದಲ್ಲಿ ಅತಿ ಸಣ್ಣ ಚೌಕವೆಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಆ ಚೌಕದೊಳಗೆ ಅಕ್ಕಡಿ ಸಾಲಿನಲ್ಲಿ ಎರಡು ಬೆಳೆ ಇದ್ದರೆ ಎರಡೂ ಬೆರೆತು ಒಂದೇ ಬಣ್ಣವಾಗಿ ಕಾಣುತ್ತವೆ. ಯಂತ್ರ ಉದಾಹರಣೆಗಳಿಂದ ಕಲಿಯುತ್ತದೆ. ನಮ್ಮ ಎರಿ ಹೊಲಗಳ ಉದಾಹರಣೆ ಅದಕ್ಕೆ ಎಷ್ಟು ಸಿಕ್ಕಿವೆ? ತಪ್ಪಾದರೆ ತಿದ್ದುವವರು ಯಾರು? ರೈತ ಅದನ್ನು ನಂಬುತ್ತಾನೆಯೇ? ಮೊದಲ ಪ್ರಶ್ನೆಗೆ ಕಂಪ್ಯೂಟರ್ ಬೇಕು, ಉಳಿದೆರಡಕ್ಕೆ ಸಮಾಜಶಾಸ್ತ್ರ ಬೇಕು. ಪ್ರೋಗ್ರಾಮ್ ಬಾರದಿದ್ದರೂ ಯಂತ್ರ ಹೇಗೆ ಕಲಿಯುತ್ತದೆ ಎಂಬುದನ್ನೂ ಒಂದಿಷ್ಟು ಸಂಖ್ಯಾಶಾಸ್ತ್ರವನ್ನೂ ಆಕೆ ಓದಿಕೊಳ್ಳಲೇಬೇಕು. ಬಿ.ಇ. ಮಾಡಿದ ಕಲಘಟಗಿಯ ಹುಡುಗ ಇದೇ ವಿಷಯ ಹಿಡಿದರೆ ಅವನು ಕಟ್ಟೆಯ ಮೇಲೆ ಕೂತು ಕೇಳುವುದನ್ನು ಕಲಿಯಬೇಕು. ಅದು ಇನ್ನೂ ಕಷ್ಟ!

ಪ್ರಸ್ತಾವನೆಯಲ್ಲಿ ಇಷ್ಟು ಬರಲಿ: ಒಂದು ಪ್ರಶ್ನೆ, ಆ ಬಗ್ಗೆ ಈಗಾಗಲೇ ಯಾರು ಏನು ಬರೆದಿದ್ದಾರೆ, ಯಾವ ಊರಿನಲ್ಲಿ ಯಾರನ್ನು ಮಾತನಾಡಿಸುವಿರಿ, ಯಾವ ದಾಖಲೆ ನೋಡುವಿರಿ. ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯವಿದೆ, 2015ರ ಐಐಐಟಿ ಇದೆ, 2016ರ ಐಐಟಿ ಇದೆ. ಬೆಂಗಳೂರಿನ ಐಐಐಟಿಯಲ್ಲಿ ತಂತ್ರಜ್ಞಾನ ಮತ್ತು ಸಮಾಜವನ್ನು ಒಟ್ಟಿಗೆ ನೋಡುವ ವಿಭಾಗವೇ ಇದೆ. ಅರ್ಜಿಗೆ ಮೊದಲು ಅಲ್ಲಿನ ಪ್ರಾಧ್ಯಾಪಕರ ಲೇಖನ ಎರಡಾದರೂ ಓದಿ. ಮಾರ್ಗದರ್ಶಕರು ಹೊಂದದಿದ್ದರೆ ಸಂಸ್ಥೆಯ ಹೆಸರು ಕಟ್ಟಿಕೊಂಡು ಏನೂ ಆಗದು.

ಇನ್ನು ಪಾಲಕರ ಪ್ರಶ್ನೆ. ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ಶೇ 5 ವಿನಾಯಿತಿ. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಕೊಡಲು ಅವಕಾಶವಿದೆ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ಉಂಟು. ಅಂದರೆ ಮದುವೆಗೂ ಪಿಎಚ್.ಡಿ.ಗೂ ವೈರವಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮುಂದೆ 42,000. ಜೆಆರ್‌ಎಫ್ ಸಿಗದಿದ್ದರೂ 2024ರ ಜೂನ್‌ನಿಂದ ನೆಟ್ ಅಂಕವನ್ನೇ ಪ್ರವೇಶಕ್ಕೆ ಬಳಸಬಹುದು: ಅದಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಆದರೆ ಆ ಅಂಕ ಒಂದೇ ವರ್ಷ ಚಾಲ್ತಿ. ಐಐಟಿಗಳ ನಿಯಮ ಬೇರೆ, ಅವರ ಪ್ರಕಟಣೆ ನೋಡಬೇಕು. ಶಿಷ್ಯವೇತನ ಎಲ್ಲರಿಗೂ ಸಿಗುತ್ತದೆಂದು ನಾನು ಹೇಳಲಾರೆ. ಆ ರೈತರಿಗೂ ಹಾಗೆಯೇ ಹೇಳಿದೆ.

ಕೊನೆಗೆ ಪ್ರಮಾಣಪತ್ರದ ಮಾತು ಬಂತು. ಕೇಂದ್ರದ ಸಂಸ್ಥೆಗಳಿಗೆ ಹಿಂದುಳಿದ ವರ್ಗದ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಸ್ಕಾಲರ್‌ಶಿಪ್ಪಿಗೆ ಮಾಡಿಸಿದ ರಾಜ್ಯದ ಹಳೆಯ ಪತ್ರ ನಡೆಯುವುದಿಲ್ಲ. “ಸೋಮವಾರನ ತಹಸೀಲ್ದಾರ್ ಕಚೇರಿಗೆ ಹೋಗ್ತೀನ್ರಿ” ಎಂದು ಎದ್ದರು ತಂದೆ. ಮಗಳು ಆ ಎರಡು ಪುಟಗಳನ್ನು ಮಡಚಿ, ಹಿಂಬದಿಯಲ್ಲಿ ಅಪ್ಪ ಹೇಳಿದ್ದನ್ನು ಇನ್ನೂ ಬರೆಯುತ್ತಲೇ ಇದ್ದಳು.